ಊಟಕ್ಕೆ ಕೂತ ನಾಯಕ, ಬೀದಿಗೆ ಬಂದ ಬೊಂಬೆ: ಅಧಿಕಾರಸ್ಥರನ್ನು ಗೇಲಿ ಮಾಡಿ ಸುಡುವ ವಲೆನ್ಸಿಯಾ ಹಬ್ಬದ ಒಳಗುಟ್ಟು

ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ ಪ್ರತಿ ವರ್ಷ ಮಾರ್ಚ್ 19ರ ರಾತ್ರಿ ಬೀದಿ ಬೀದಿಯಲ್ಲೂ ಬೆಂಕಿ ಹಚ್ಚುತ್ತಾರೆ. ಗಲಾಟೆಯೇನಲ್ಲ, ಅದು ಹಬ್ಬ. ಹೆಸರು ಫಾಯಾಸ್. ವರ್ಷವಿಡೀ ದುಡಿದು ಮಾಡಿದ, ಕೆಲವು ಮೂರು ಮಹಡಿ ಮನೆಗಿಂತ ಎತ್ತರ ಇರುವ ಬೊಂಬೆಗಳ ಗೋಪುರಗಳನ್ನು ಒಂದೇ ರಾತ್ರಿಯಲ್ಲಿ ಸುಟ್ಟು ಬೂದಿ ಮಾಡುತ್ತಾರೆ. ಆ ಬೊಂಬೆಗಳಲ್ಲಿ ಆ ವರ್ಷ ಹೆಸರು ಕೆಡಿಸಿಕೊಂಡ ರಾಜಕಾರಣಿಗಳು ಇದ್ದೇ ಇರುತ್ತಾರೆ.

2025ರ ಹಬ್ಬದಲ್ಲಿ ಹಲವು ಬೀದಿಗಳಲ್ಲಿ ಕಾಣಿಸಿಕೊಂಡ ಮುಖ ಒಂದೇ, ಕಾರ್ಲೋಸ್ ಮಾಸೋನ್ ಅವರದು. ಅವರು ಆಗ ವಲೆನ್ಸಿಯಾ ಪ್ರಾಂತ್ಯ ಸರ್ಕಾರದ ಅಧ್ಯಕ್ಷರಾಗಿದ್ದರು, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ಬೊಂಬೆಗಳ ವಿಷಯವೂ ಹೆಚ್ಚುಕಡಿಮೆ ಒಂದೇ: ಒಂದು ಊಟ. ಕುರ್ಚಿಯಲ್ಲಿರುವ ನಾಯಕನನ್ನು ಅವರದೇ ರಾಜಧಾನಿಯ ನಡುಬೀದಿಯಲ್ಲಿ ಹೀಗೆ ನಿಲ್ಲಿಸಿ ನಗೋದಕ್ಕೆ ಅಲ್ಲಿ ಹೇಗೆ ಸಾಧ್ಯ? ದುಡ್ಡು ಯಾರು ಕೊಡ್ತಾರೆ? ಕೇಸು ಬೀಳೋದಿಲ್ವಾ? ಒಂದೊಂದಾಗಿ ನೋಡೋಣ.

ಆ ಊಟದ ಕಥೆ ಏನು?

2024ರ ಅಕ್ಟೋಬರ್ 29, ಮಂಗಳವಾರ. ಆ ಬೆಳಗ್ಗೆಯೇ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೆಟ್ಟಸಾಲಿನಲ್ಲಿ ವಿಪರೀತ ಮಳೆ. ಆ ನೀರು ಪೋಯೋ ಎಂಬ ಹಳ್ಳದ ಮೂಲಕ ಕೆಳಗಿನ ಊರುಗಳಿಗೆ ನುಗ್ಗಿತು. ಪಾಯ್‌ಪೋರ್ತಾ, ಕಾತರ್ರೋಹಾ ಮುಂತಾದ ಊರುಗಳಲ್ಲಿ ಹೇಳಿಕೊಳ್ಳುವಂಥ ಮಳೆಯೇ ಆಗಿರಲಿಲ್ಲ. ಹಾಗಾಗಿ ಅಂಗಡಿಗಳು ತೆರೆದೇ ಇದ್ದವು, ಜನ ಕೆಲಸ ಮುಗಿಸಿ ಮನೆಗೆ ಹೊರಟಿದ್ದರು. ಮಳೆ ಇಲ್ಲದ ಊರಿಗೆ ಮೇಲಿನಿಂದ ಹಳ್ಳ ತುಂಬಿ ಬಂದರೆ ಏನಾಗುತ್ತೆ ಅನ್ನೋದು ಹಳ್ಳದ ದಂಡೆಯ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರು ತೆಗೆಯಲು ನೆಲಮಾಳಿಗೆಗೆ ಇಳಿದವರು ಮೇಲೆ ಬರಲಿಲ್ಲ. ವಲೆನ್ಸಿಯಾ ಭಾಗ ಒಂದರಲ್ಲೇ 220ಕ್ಕೂ ಹೆಚ್ಚು ಜನ ಸತ್ತರು.

ಎಲ್ಲರ ಮೊಬೈಲಿಗೂ ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಆ ಹೊತ್ತಿಗೆ ಹಲವು ಕಡೆ ನೀರು ಆಗಲೇ ಎದೆಮಟ್ಟ ದಾಟಿತ್ತು. ಆ ಮಧ್ಯಾಹ್ನ ಮಾಸೋನ್ ಎಲ್ಲಿದ್ದರು? ವಲೆನ್ಸಿಯಾದ ಎಲ್ ವೆಂತೋರ್ರೊ ಎಂಬ ಹೋಟೆಲ್‌ನಲ್ಲಿ, ಪತ್ರಕರ್ತೆಯೊಬ್ಬರ ಜತೆ ಊಟಕ್ಕೆ. ಪ್ರಾಂತ್ಯದ ಟಿವಿ ಚಾನಲ್‌ನ ಹುದ್ದೆ ಕುರಿತ ಮಾತುಕತೆ ಅಂತ ಆಮೇಲೆ ಹೇಳಲಾಯಿತು. ಆ ಊಟ ಸಂಜೆಯವರೆಗೂ ನಡೆಯಿತು. ತುರ್ತು ನಿರ್ವಹಣೆಯ ಸಭೆ ನಡೆಯುತ್ತಿದ್ದ ಕೇಂದ್ರಕ್ಕೆ ಅವರು ತಲುಪುವ ಹೊತ್ತಿಗೆ ರಾತ್ರಿ 8 ಗಂಟೆ ಮೀರಿತ್ತು, ಮೊಬೈಲ್ ಸಂದೇಶವೂ ಹೋಗಿ ಆಗಿತ್ತು.

ಮಾಸೋನ್ ತಮ್ಮ ಕಡೆಯ ಮಾತನ್ನೂ ಹೇಳಿದ್ದಾರೆ. ಫೋನ್‌ನಲ್ಲಿ ಸಂಪರ್ಕದಲ್ಲೇ ಇದ್ದೆ, ಕೇಂದ್ರ ಸರ್ಕಾರದ ಕೈಯಲ್ಲಿರುವ ನದಿ ಪ್ರಾಧಿಕಾರದಿಂದ ಸರಿಯಾದ ಮಾಹಿತಿ ಬರಲಿಲ್ಲ ಅನ್ನೋದು ಅವರ ವಾದ. ಆದರೆ ಆ ಕೆಲವು ಗಂಟೆಗಳ ಬಗ್ಗೆ ಅವರು ಕೊಟ್ಟ ವಿವರ ತಿಂಗಳಿಂದ ತಿಂಗಳಿಗೆ ಬದಲಾಗುತ್ತಾ ಹೋಯಿತು. ಜನರಿಗೆ ಸಿಟ್ಟು ಬಂದದ್ದು ಅದಕ್ಕೇ. ಪ್ರತಿ ತಿಂಗಳೂ ವಲೆನ್ಸಿಯಾದಲ್ಲಿ ಮೆರವಣಿಗೆ ನಡೆಯತೊಡಗಿತು. ಇದರ ನಡುವೆ ಮಾರ್ಚ್ ಬಂತು, ಹಬ್ಬ ಬಂತು, ಬೊಂಬೆಗಳು ಎದ್ದು ನಿಂತವು.

ಮೊದಲು ಬಡಗಿಗಳ ಹಬ್ಬ

ಮಾರ್ಚ್ 19 ಸಂತ ಜೋಸೆಫರ ದಿನ. ಜೋಸೆಫರು ಬಡಗಿ. ಹಾಗಾಗಿ ಬಡಗಿಗಳು ಅವತ್ತು ಅಂಗಡಿಯಲ್ಲಿ ಉಳಿದ ಮರದ ಚೂರು, ಹೊಟ್ಟು, ಮುರಿದ ಸಾಮಾನು ಎಲ್ಲವನ್ನೂ ಬೀದಿಯಲ್ಲಿ ರಾಶಿ ಹಾಕಿ ಸುಡುತ್ತಿದ್ದರು ಅನ್ನೋದು ಅಲ್ಲಿನ ಜನ ಹೇಳುವ ಕಥೆ. ಚಳಿಗಾಲದಲ್ಲಿ ದೀಪ ತೂಗುಹಾಕಲು ಬಳಸುತ್ತಿದ್ದ ಮರದ ಕಂಬಕ್ಕೆ ಯಾರೋ ಹಳೇ ಅಂಗಿ ಟೋಪಿ ಹಾಕಿದರಂತೆ, ಅದು ಬೀದಿಯ ಯಾವನೋ ಜಿಪುಣನ ಹಾಗೆ ಕಂಡಿತಂತೆ. ಅಲ್ಲಿಂದ ಬೊಂಬೆ ಶುರು ಅಂತಾರೆ. ಕಥೆ ಎಷ್ಟು ನಿಜವೋ, ಆದರೆ 19ನೇ ಶತಮಾನದ ಹೊತ್ತಿಗೆ ಬೀದಿಯ ಗುಟ್ಟುಗಳನ್ನು, ಊರಿನ ದೊಡ್ಡವರನ್ನು ಗೇಲಿ ಮಾಡುವ ಬೊಂಬೆಗಳು ಅಲ್ಲಿ ಮಾಮೂಲಿಯಾಗಿದ್ದವು. 1855ರಲ್ಲಿ ಬರ್ನಾತ್ ಇ ಬಾಲ್ದೋವಿ ಎಂಬ ಲೇಖಕರು ಬೊಂಬೆಗಳ ಅರ್ಥ ಬಿಡಿಸಿ ಹೇಳುವ ಪದ್ಯಗಳ ಪುಸ್ತಿಕೆ ಬರೆದರು. ಇವತ್ತಿಗೂ ಪ್ರತಿ ಸಮಿತಿ ಅಂಥದ್ದೊಂದು ಪುಸ್ತಿಕೆ ಅಚ್ಚು ಹಾಕಿಸುತ್ತೆ.

ಈ ಗೇಲಿ ಆಳುವವರಿಗೆ ಹಿಡಿಸಲಿಲ್ಲ. ನೇರವಾಗಿ ಬೇಡ ಅನ್ನೋ ಬದಲು ತೆರಿಗೆ ಹಾಕಿದರು. 1880ರ ದಶಕದಲ್ಲಿ ಬೊಂಬೆ ನಿಲ್ಲಿಸಲು ಕಟ್ಟಬೇಕಾದ ಶುಲ್ಕ ಎಷ್ಟು ಏರಿತು ಅಂದರೆ 1886ರಲ್ಲಿ ಒಂದೂ ಏಳಲಿಲ್ಲ. ಮರುವರ್ಷ ಶುಲ್ಕ ಇಳಿಸಬೇಕಾಯಿತು. ಮುಂದೆ ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಬೊಂಬೆಯ ನಕ್ಷೆಯನ್ನೂ ಪುಸ್ತಿಕೆಯ ಪದ್ಯವನ್ನೂ ಅಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಆಗ ಆಳುವವರ ಮುಖ ಬೊಂಬೆಗಳಲ್ಲಿ ಇಲ್ಲವಾಯಿತು. ಗೇಲಿಯೆಲ್ಲಾ ಬೆಲೆ ಏರಿಕೆ, ಫ್ಯಾಷನ್, ಅತ್ತೆ-ಸೊಸೆ ಕಡೆ ತಿರುಗಿತು. 1978ರಲ್ಲಿ ಹೊಸ ಸಂವಿಧಾನ ಬಂದು ಮಾತಿನ ಸ್ವಾತಂತ್ರ್ಯ ಸಿಕ್ಕಿತು, ಮುಖಗಳೂ ವಾಪಸ್ ಬಂದವು.

ಬೊಂಬೆ ಮಾಡೋದು ಹೇಗೆ?

ಒಂದೊಂದು ಬೊಂಬೆಗೆ ನಿನೋತ್ ಅಂತಾರೆ. ಇದನ್ನು ಮಾಡುವ ಕಲಾವಿದರದ್ದೇ ಒಂದು ಕಸುಬು, ಅವರದ್ದೇ ಸಂಘ. ನಗರದ ಹೊರವಲಯದಲ್ಲಿ ಅವರ ಕಾರ್ಖಾನೆಗಳೇ ಇರುವ ಒಂದು ಬಡಾವಣೆ ಇದೆ.

ಹಳೇ ಪದ್ಧತಿ ಹೀಗಿತ್ತು. ಮೊದಲು ಜೇಡಿಮಣ್ಣಿನಲ್ಲಿ ಮೂರ್ತಿ. ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು. ಅಚ್ಚಿನೊಳಗೆ ಅಂಟು ಸವರಿದ ದಪ್ಪ ಕಾಗದವನ್ನು ಪದರ ಪದರವಾಗಿ ಒತ್ತಿ, ಒಣಗಿಸಿ, ಬಿಡಿಸಿ, ಜೋಡಿಸಿ, ಬಣ್ಣ. ಅದಕ್ಕೂ ಮುಂಚೆ ಮುಖ ಕೈಗಳನ್ನು ಮೇಣದಲ್ಲಿ ಮಾಡಿ ನಿಜವಾದ ಬಟ್ಟೆ ತೊಡಿಸುತ್ತಿದ್ದರು. ಈಗ ಬಹುಪಾಲು ಥರ್ಮೋಕೋಲ್. ಕಂಪ್ಯೂಟರಲ್ಲಿ ಆಕಾರ ಬಿಡಿಸಿದರೆ ಮೆಷಿನ್ ಕತ್ತರಿಸಿ ಕೊಡುತ್ತೆ. ಮೇಲೆ ಕಾಗದ ಅಂಟಿಸಿ, ಉಜ್ಜಿ ನುಣುಪು ಮಾಡಿ, ಬಣ್ಣ ಹಚ್ಚುತ್ತಾರೆ. ಹಗುರ, ಬೇಗ ಆಗುತ್ತೆ. ಆದರೆ ಸುಡುವಾಗ ಕಪ್ಪು ಹೊಗೆ. ನಮ್ಮಲ್ಲಿ ಪಿಒಪಿ ಗಣಪನ ಬಗ್ಗೆ ಪ್ರತಿ ವರ್ಷ ಚರ್ಚೆ ಆಗುವ ಹಾಗೆ ಅಲ್ಲಿ ಥರ್ಮೋಕೋಲ್ ಬಗ್ಗೆ ಆಗುತ್ತೆ. ಕೆಲವರು ಮತ್ತೆ ತೆಳು ಮರದ ಪಟ್ಟಿಗಳ ಹಳೇ ಕೆಲಸಕ್ಕೆ ಮರಳುತ್ತಿದ್ದಾರೆ.

ಪೇಪರಲ್ಲಿ ಬರುವ ವ್ಯಂಗ್ಯಚಿತ್ರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಚಿತ್ರವನ್ನು ಒಂದೇ ಕಡೆಯಿಂದ ನೋಡ್ತೀವಿ, ಕೆಳಗೆ ಹೆಸರು ಬರೆಯಬಹುದು. ಬೊಂಬೆಯನ್ನು ಜನ ಸುತ್ತು ಹಾಕಿ ನೋಡುತ್ತಾರೆ. ಮುಂದಿನಿಂದ, ಪಕ್ಕದಿಂದ, ಬೀದಿಯ ಆ ತುದಿಯಿಂದಲೂ ಅದು ಇಂಥವರೇ ಅಂತ ಗೊತ್ತಾಗಬೇಕು. ಅದಕ್ಕೆ ಕಲಾವಿದರು ಒಂದೆರಡು ಗುರುತು ಮಾತ್ರ ಹಿಡಿಯುತ್ತಾರೆ. ಮೂಗು, ಕೂದಲು ಬಾಚುವ ರೀತಿ, ನಿಲ್ಲುವ ಭಂಗಿ. ಅದನ್ನೇ ನಾಲ್ಕು ಪಟ್ಟು ದೊಡ್ಡದು ಮಾಡುತ್ತಾರೆ. ಇನ್ನು ಹಗರಣ ಯಾವುದು ಅಂತ ಹೇಳೋದು ಕೈಯಲ್ಲಿರುವ ವಸ್ತು. ಊಟದ ಮೇಜು ಇಟ್ಟರೆ ಸಾಕು, ವಲೆನ್ಸಿಯಾದಲ್ಲಿ ಚಿಕ್ಕ ಮಗುವಿಗೂ ಅರ್ಥ ಆಗುತ್ತಿತ್ತು. ಆ ಮೇಜಿನ ಮುಂದೆ ನಿಂತವರಲ್ಲಿ ಮನೆಯವರನ್ನು ಕಳಕೊಂಡವರೂ ಇದ್ದರು. ಕೆಸರು ನುಗ್ಗಿ ಸಾಮಾನೆಲ್ಲಾ ಹಾಳಾದ ಅಂಗಡಿಯವರೂ ಇದ್ದರು. ಪ್ರವಾಹ ಬಂದ ಊರುಗಳಲ್ಲಿ ಹಬ್ಬದ ಸಮಿತಿಗಳ ಕಟ್ಟಡಗಳೇ ಹಾಳಾಗಿದ್ದವು, ಬೊಂಬೆ ಮಾಡುವ ಕೆಲವು ಕಾರ್ಖಾನೆಗಳಿಗೂ ನೀರು ನುಗ್ಗಿತ್ತು. ಹೀಗಾಗಿ ಆ ವರ್ಷದ ಗೇಲಿ ಬರೀ ತಮಾಷೆ ಆಗಿರಲಿಲ್ಲ.

ಹಾಗಂತ ಒಂದೇ ಪಕ್ಷದವರನ್ನು ಹಿಡಿದರು ಅಂತಲ್ಲ. ಮಾಸೋನ್ ಬಲಪಂಥದ ಪಾಪ್ಯುಲರ್ ಪಾರ್ಟಿಯವರು. ಸಮಾಜವಾದಿ ಪಕ್ಷದ ಪ್ರಧಾನಿ ಪೆದ್ರೋ ಸಾಂಚೆಸ್ ಅವರನ್ನೂ ಬೊಂಬೆಯವರು ಬಿಟ್ಟಿಲ್ಲ. ಅಮೆರಿಕದ ಟ್ರಂಪ್ ಅಂತೂ ಖಾಯಂ ಗಿರಾಕಿ.

ದುಡ್ಡು ಯಾರದ್ದು?

ಇದು ನಮ್ಮ ಓದುಗರಿಗೆ ಬೇಗ ಅರ್ಥ ಆಗುವ ಭಾಗ. ವಲೆನ್ಸಿಯಾ ನಗರದಲ್ಲಿ 400ರ ಹತ್ತಿರ ಬೀದಿ ಸಮಿತಿಗಳಿವೆ. ನಮ್ಮ ಗಣೇಶೋತ್ಸವ ಸಮಿತಿ ಇದ್ದ ಹಾಗೆ. ವರ್ಷವಿಡೀ ಸದಸ್ಯರು ತಿಂಗಳ ವಂತಿಗೆ ಕಟ್ಟುತ್ತಾರೆ, ಲಾಟರಿ ಟಿಕೆಟ್ ಮಾರುತ್ತಾರೆ, ಹಬ್ಬದ ದಿನಗಳಲ್ಲಿ ತಿಂಡಿ ಅಂಗಡಿ ಹಾಕುತ್ತಾರೆ. ಪುಸ್ತಿಕೆಯಲ್ಲಿ ಬೀದಿಯ ಬೇಕರಿ, ಸಲೂನ್, ಗ್ಯಾರೇಜುಗಳ ಜಾಹೀರಾತು ಇರುತ್ತೆ. ಇದರ ಮೇಲೆ ನಗರಸಭೆಯೂ ಒಂದು ಪಾಲು ಸಹಾಯಧನ ಕೊಡುತ್ತೆ.

ಅಂದರೆ ಮೇಯರ್ ಕೊಟ್ಟ ದುಡ್ಡಲ್ಲೇ ಮೇಯರ್ ಬೊಂಬೆ! ಹೊರಗಿನವರಿಗೆ ವಿಚಿತ್ರ ಅನ್ನಿಸುತ್ತೆ. ಆದರೆ ಆ ದುಡ್ಡು ಮೇಯರ್ ಜೇಬಿನದಲ್ಲ, ತೆರಿಗೆ ಕಟ್ಟಿದವರದು ಅಂತ ಜನ ತಿಳಕೊಂಡಿದ್ದಾರೆ. ಆದರೂ ದುಡ್ಡಿನ ಪ್ರಭಾವ ಇಲ್ಲ ಅನ್ನೋಕಾಗಲ್ಲ. ಕಟ್ಟಡ ವ್ಯವಹಾರ ಜೋರಾಗಿದ್ದ ಕಾಲದಲ್ಲಿ, 2008-09ರ ಸುಮಾರಿಗೆ, ಹೊಸ ಬಡಾವಣೆಯೊಂದರ ಸಮಿತಿ ಒಂದೇ ಗೋಪುರಕ್ಕೆ 9 ಲಕ್ಷ ಯೂರೋ ಖರ್ಚು ಮಾಡಿತ್ತು. ಇಂಥ ದೊಡ್ಡ ಬಜೆಟ್ಟಿನ, ಬಹುಮಾನದ ಮೇಲೆ ಕಣ್ಣಿಟ್ಟ ಗೋಪುರಗಳಲ್ಲಿ ಅಂದ ಜಾಸ್ತಿ, ಖಾರ ಕಡಿಮೆ ಅನ್ನೋದು ಅಲ್ಲಿನವರ ಹಳೇ ದೂರು. ಯಾರನ್ನೂ ನೋಯಿಸದ ಸಾಮಾನ್ಯ ಮಾತು, ಕುದುರೆ, ಅಪ್ಸರೆ, ಪುರಾಣ. ನಿಜವಾದ ಚುಚ್ಚು ಸಿಗೋದು ಕಡಿಮೆ ಖರ್ಚಿನ ಸಣ್ಣ ಬೀದಿಗಳಲ್ಲಿ. ಅಲ್ಲಿ ಕಳಕೊಳ್ಳೋದಕ್ಕೆ ಜಾಸ್ತಿ ಏನೂ ಇರಲ್ಲ.

ಕೋರ್ಟು ಬಿಟ್ಟರೂ ಬೀದಿ ಬಿಡಲ್ಲ

ಇಲ್ಲೇ ಕಷ್ಟದ ಪ್ರಶ್ನೆ ಬರೋದು. ಬೊಂಬೆಗೆ ಸಾಕ್ಷಿ ಬೇಕಾಗಿಲ್ಲ, ತೀರ್ಪು ಬೇಕಾಗಿಲ್ಲ. ಹಾಗಾದರೆ ತಪ್ಪು ಮಾಡದವರ ಮುಖವೂ ಬೆಂಕಿಗೆ ಹೋಗಬಹುದಲ್ವಾ?

ಹೋಗಿದೆ ಕೂಡ. ಫ್ರಾನ್ಸಿಸ್ಕೋ ಕಾಂಪ್ಸ್ ಅನ್ನುವವರು ಮಾಸೋನ್‌ಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದವರು. 2009ರಲ್ಲಿ ಗುರ್ತೆಲ್ ಎಂಬ ಭ್ರಷ್ಟಾಚಾರ ಪ್ರಕರಣ ಹೊರಬಿತ್ತು. ಸರ್ಕಾರಿ ಗುತ್ತಿಗೆ ಪಡೆಯುತ್ತಿದ್ದ ಜಾಲದಿಂದ ಕಾಂಪ್ಸ್ ಬಿಟ್ಟಿ ಸೂಟುಗಳನ್ನು ಹೊಲಿಸಿಕೊಂಡರು ಅನ್ನೋ ಆರೋಪ ಬಂತು. ಬೊಂಬೆ ಮಾಡುವವರಿಗೆ ಇದಕ್ಕಿಂತ ಸುಲಭದ ವಿಷಯ ಬೇಕೇ? ಸೂಟು, ದರ್ಜಿ, ಅಳತೆ ಟೇಪು! ಮಾತೇ ಬೇಡ. ಕಾಂಪ್ಸ್ 2011ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಆದರೆ 2012ರ ಜನವರಿಯಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು, ಅದೂ 5-4ರ ಅಂತರದಲ್ಲಿ. ಅದೇ ಗುರ್ತೆಲ್ ಪ್ರಕರಣದ ಇನ್ನೊಂದು ಕೇಸಿನಲ್ಲೂ 2024ರಲ್ಲಿ ಅವರು ಖುಲಾಸೆಯಾದರು. ಹದಿನೈದು ವರ್ಷ ಕಳೆದಿತ್ತು. ಜನರ ನೆನಪಲ್ಲಿ ಮಾತ್ರ ಅವರು ಇವತ್ತಿಗೂ ಸೂಟಿನ ಕಾಂಪ್ಸ್.

ಇನ್ನೊಬ್ಬರು ರೀತಾ ಬಾರ್ಬೆರಾ. 1991ರಿಂದ 2015ರವರೆಗೆ, 24 ವರ್ಷ ವಲೆನ್ಸಿಯಾದ ಮೇಯರ್. ಕೆಂಪು ಉಡುಪು, ಮುತ್ತಿನ ಸರ, ದೊಡ್ಡ ನಗು. ಬೊಂಬೆ ಕಲಾವಿದರಿಗೆ ಇಷ್ಟು ಒಳ್ಳೆಯ ಗುರುತು ಇನ್ನೆಲ್ಲಿ ಸಿಗಬೇಕು! ಹಬ್ಬವನ್ನು ಅವರಷ್ಟು ಪ್ರೀತಿಸಿದ ಮೇಯರ್ ಇನ್ನೊಬ್ಬರಿಲ್ಲ ಅಂತಾರೆ. ನಗರಸಭೆಯ ಮಹಡಿಯಿಂದ ಜನರಿಗೆ ಕೈ ಬೀಸುತ್ತಾ ನಿಲ್ಲುತ್ತಿದ್ದರು, ತಮ್ಮ ಬೊಂಬೆ ಕಂಡರೂ ನಗುತ್ತಿದ್ದರು. 2015ರ ಫೆಬ್ರವರಿಯಲ್ಲಿ ಹಬ್ಬಕ್ಕೆ ಕರೆ ಕೊಡುವ ಸಭೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಮಾತಾಡಲು ಹೋಗಿ ‘ಕಾಲೋರೆತ್’ ಎಂಬ ಇಲ್ಲದ ಪದವನ್ನು ಮತ್ತೆ ಮತ್ತೆ ಹೇಳಿದರು. ಬೆಚ್ಚಗಿದೆ ಅನ್ನೋದು ಅವರ ಉದ್ದೇಶ. ಇಡೀ ಊರೇ ನಕ್ಕಿತು. ಅದೇ ಮೇ ತಿಂಗಳ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಕಳಕೊಂಡಿತು.

2016ರಲ್ಲಿ ನಗೆ ಹೋಗಿ ಕೇಸು ಬಂತು. ಪಕ್ಷದ ನಗರಸಭಾ ಸದಸ್ಯರು, ಸಿಬ್ಬಂದಿ ತಲಾ 1,000 ಯೂರೋ ಬ್ಯಾಂಕ್ ಮೂಲಕ ಪಕ್ಷಕ್ಕೆ ದೇಣಿಗೆ ಕೊಟ್ಟು, ಅಷ್ಟೇ ಹಣವನ್ನು 500ರ ಎರಡು ನೋಟುಗಳಲ್ಲಿ ಕೈಗೆ ವಾಪಸ್ ಪಡೆದರು, ಹೀಗೆ ಕಪ್ಪು ಹಣ ಬಿಳಿಯಾಯಿತು ಅನ್ನೋದು ಆರೋಪ. ಬಾರ್ಬೆರಾ ಎಲ್ಲವನ್ನೂ ನಿರಾಕರಿಸಿದರು. ಸೆಪ್ಟೆಂಬರ್‌ನಲ್ಲಿ ಪಕ್ಷ ಬಿಡಬೇಕಾಯಿತು. ನವೆಂಬರ್ 21ರಂದು ಸುಪ್ರೀಂ ಕೋರ್ಟಿನಲ್ಲಿ ಹೇಳಿಕೆ ಕೊಟ್ಟರು. 23ರಂದು ಮ್ಯಾಡ್ರಿಡ್‌ನ ಹೋಟೆಲ್ ರೂಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತಪ್ಪಿತಸ್ಥೆ ಅಂತ ಯಾವ ಕೋರ್ಟೂ ಹೇಳಿರಲಿಲ್ಲ. ಅದಾಗಿ ಒಂದೇ ವಾರಕ್ಕೆ, ನವೆಂಬರ್ 30ರಂದು, ಫಾಯಾಸ್ ಹಬ್ಬ ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರಿತು.

ಬೊಂಬೆ ಮಾಡುವವರ ಉತ್ತರ ಸರಳ. ನಾವು ಶಿಕ್ಷೆ ಕೊಡುತ್ತಿಲ್ಲ, ಪ್ರಶ್ನೆ ಕೇಳುತ್ತಿದ್ದೀವಿ ಅನ್ನೋದು ಅದು. ಇದರಲ್ಲಿ ಅರ್ಧ ಸತ್ಯ ಇದೆ. ಊಟದ ಮೇಜು ಇಟ್ಟು ‘ಆ ಹೊತ್ತಲ್ಲಿ ಎಲ್ಲಿದ್ರಿ?’ ಅಂತ ಕೇಳೋದು ಬೇರೆ. ಯಾರದ್ದೋ ಕೈಗೆ ಕೋಳ ತೊಡಿಸಿ ಕಳ್ಳ ಅಂತ ಬರೆಯೋದು ಬೇರೆ. ಊಟ ನಡೆದದ್ದು ನಿಜ, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಕೋಳ ತೊಡಿಸೋದು ಕೋರ್ಟಿನ ಕೆಲಸ. ಒಳ್ಳೆಯ ವ್ಯಂಗ್ಯಶಿಲ್ಪ ಗೊತ್ತಿರುವ ಸಂಗತಿಯನ್ನೇ ಹಿಡಿದು ದೊಡ್ಡದು ಮಾಡುತ್ತೆ. ಗೊತ್ತಿಲ್ಲದ್ದನ್ನು ಹುಟ್ಟಿಸಲು ಹೋದಾಗ ಅದು ಗಾಳಿಸುದ್ದಿಯ ಮಟ್ಟಕ್ಕೆ ಇಳಿಯುತ್ತೆ.

ಕೇಸು ಬೀಳೋದಿಲ್ವಾ?

ರಾಜಕಾರಣಿಗಳ ವಿಷಯದಲ್ಲಿ ಅಪರೂಪ. ಕೇಸು ಹಾಕಿದರೆ ಮುಂದಿನ ವರ್ಷ ಬೊಂಬೆ ಎರಡು ಪಟ್ಟು ದೊಡ್ಡದಾಗುತ್ತೆ ಅಂತ ಅವರಿಗೂ ಗೊತ್ತು. ಆದರೆ ಸ್ಪೇನಿನಲ್ಲಿ ರಾಜಮನೆತನಕ್ಕೆ ಪ್ರತ್ಯೇಕ ರಕ್ಷಣೆ ಇದೆ. 2007ರಲ್ಲಿ ‘ಎಲ್ ಹ್ವೇವೆಸ್’ ಎಂಬ ಹಾಸ್ಯ ಪತ್ರಿಕೆ ಯುವರಾಜ ದಂಪತಿಯ ಅಶ್ಲೀಲ ವ್ಯಂಗ್ಯಚಿತ್ರವನ್ನು ಮುಖಪುಟಕ್ಕೆ ಹಾಕಿತು. ಕೋರ್ಟು ಪ್ರತಿಗಳನ್ನು ಜಪ್ತಿ ಮಾಡಿಸಿತು, ಇಬ್ಬರು ವ್ಯಂಗ್ಯಚಿತ್ರಕಾರರಿಗೆ ತಲಾ 3,000 ಯೂರೋ ದಂಡ ಬಿತ್ತು. ಮಾತಿನ ಸ್ವಾತಂತ್ರ್ಯಕ್ಕೆ ಅಲ್ಲೂ ಒಂದು ಗಡಿ ಇದೆ ಅಂತಾಯಿತು.

ನಮ್ಮ ಪ್ರತಿಕೃತಿ ದಹನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸರ್ಕಲ್‌ನಲ್ಲಿ ಪ್ರತಿಕೃತಿ ದಹನ ನಾವೂ ನೋಡಿದ್ದೀವಿ. ಹಳೇ ಪ್ಯಾಂಟು ಶರ್ಟಿಗೆ ಹುಲ್ಲು ತುಂಬಿ, ಮುಖಕ್ಕೆ ಫೋಟೋ ಅಂಟಿಸಿ, ಘೋಷಣೆ ಕೂಗಿ, ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಮಾಡೋದು ಸಾಮಾನ್ಯವಾಗಿ ಎದುರು ಪಕ್ಷದವರು ಅಥವಾ ಸಂಘಟನೆಯವರು. ಅಲ್ಲಿರೋದು ಸಿಟ್ಟು. ಸುಡುವವರೂ ನೋಡುವವರೂ ಬೇರೆ ಬೇರೆ.

ಫಾಯಾಸ್‌ನಲ್ಲಿ ಬೊಂಬೆ ಮಾಡಿಸೋದು ಪಕ್ಷ ಅಲ್ಲ, ಬೀದಿ. ಒಂದೇ ಸಮಿತಿಯಲ್ಲಿ ಎಲ್ಲಾ ಪಕ್ಷಕ್ಕೆ ಓಟು ಹಾಕುವವರೂ ಇರುತ್ತಾರೆ. ಬೊಂಬೆ ಸುಡುವ ಮುಂಚೆ ನಾಲ್ಕು ದಿನ ನಿಂತಿರುತ್ತೆ, ಜನ ಮಕ್ಕಳನ್ನು ಕರಕೊಂಡು ಬಂದು ನೋಡುತ್ತಾರೆ, ಪದ್ಯ ಓದುತ್ತಾರೆ, ವಾದ ಮಾಡುತ್ತಾರೆ, ನಗುತ್ತಾರೆ. ಸುಡೋದು ನಾಯಕನೊಬ್ಬನನ್ನೇ ಅಲ್ಲ. ಬೀದಿಯವರ ತಪ್ಪುಗಳೂ, ವರ್ಷದ ಕೆಟ್ಟದ್ದೆಲ್ಲವೂ ಅದೇ ಗೋಪುರದಲ್ಲಿ ಇರುತ್ತೆ. ನಮ್ಮ ಕಾಮದಹನದ ಹಾಗೆ, ಹಳೇದನ್ನು ಸುಟ್ಟು ಹೊಸ ಋತುವಿಗೆ ಹೋಗೋದು.

ಬೊಂಬೆಯಿಂದ ಏನಾದರೂ ಆಯ್ತಾ?

2025ರ ಮಾರ್ಚ್ 19ರ ರಾತ್ರಿ ಬೊಂಬೆಗಳು ಸುಟ್ಟವು. ಮಾಸೋನ್ ಮರುದಿನವೂ ಕುರ್ಚಿಯಲ್ಲೇ ಇದ್ದರು. ಆ ಹಬ್ಬದ ದಿನಗಳಲ್ಲಿ ನಗರಸಭೆ ಚೌಕದ ಪಟಾಕಿ ಪ್ರದರ್ಶನದಲ್ಲೂ ಅವರ ರಾಜೀನಾಮೆಗೆ ಕೂಗು ಎದ್ದಿತ್ತು. ಅದೂ ಅವರನ್ನು ಅಲುಗಾಡಿಸಲಿಲ್ಲ. ಕುರ್ಚಿ ಬಿಡಿಸಿದ್ದು ಬೇರೆ ಸಂಗತಿಗಳು: ತಿಂಗಳು ತಿಂಗಳೂ ನಿಲ್ಲದ ಮೆರವಣಿಗೆ, ಸತ್ತವರ ಮನೆಯವರ ಸಂಘಗಳು, ಕಾತರ್ರೋಹಾ ನ್ಯಾಯಾಲಯದ ತನಿಖೆ. 2025ರ ಅಕ್ಟೋಬರ್ 29ರಂದು, ಪ್ರವಾಹದ ಮೊದಲ ವರ್ಷದ ಶ್ರದ್ಧಾಂಜಲಿ ಸಭೆಯಲ್ಲಿ ಸತ್ತವರ ಬಂಧುಗಳು ಎದುರೇ ನಿಂತು ಅವರನ್ನು ಬೈದರು. ಐದು ದಿನ ಕಳೆದು, ನವೆಂಬರ್ 3ರಂದು ಮಾಸೋನ್ ರಾಜೀನಾಮೆ ಘೋಷಿಸಿದರು.

ಬೊಂಬೆ ಸರ್ಕಾರ ಬೀಳಿಸೋದಿಲ್ಲ. ಅದು ಮಾಡೋದು ಸಣ್ಣ ಕೆಲಸ. ಹತ್ತಾರು ಹೇಳಿಕೆ, ಸ್ಪಷ್ಟನೆ, ಪತ್ರಿಕಾಗೋಷ್ಠಿಗಳ ನಡುವೆ ಕಳೆದುಹೋಗುವ ವಿಷಯವನ್ನು ಒಂದು ಊಟದ ಮೇಜು, ಒಂದು ಸೂಟು, ಎರಡು ನೋಟುಗಳಲ್ಲಿ ಹಿಡಿದಿಡುತ್ತೆ. ಮರೆಯೋದಕ್ಕೆ ಬಿಡಲ್ಲ.

ಕೊನೆಗೊಂದು ವಿಷಯ. ಪ್ರತಿ ವರ್ಷ ಒಂದು ದೊಡ್ಡವರ ಬೊಂಬೆ, ಒಂದು ಮಕ್ಕಳ ಬೊಂಬೆಗೆ ಬೆಂಕಿಯಿಂದ ಕ್ಷಮೆ ಸಿಗುತ್ತೆ. 1934ರಿಂದ ನಡೆದು ಬಂದ ಪದ್ಧತಿ ಇದು. ಹಬ್ಬಕ್ಕೂ ಮುಂಚೆ ಬೊಂಬೆಗಳ ಪ್ರದರ್ಶನ ಇಟ್ಟು, ನೋಡಲು ಬಂದ ಜನರೇ ಓಟು ಹಾಕಿ ಆರಿಸುತ್ತಾರೆ. ಉಳಿದ ಬೊಂಬೆಗಳು ಮ್ಯೂಸಿಯಂ ಸೇರುತ್ತವೆ. ಆ ಮ್ಯೂಸಿಯಂನಲ್ಲಿ ಹೆಚ್ಚಾಗಿ ಇರೋದು ಮೊಮ್ಮಗುವನ್ನು ಆಡಿಸುವ ಅಜ್ಜಿ, ಮೀನು ಮಾರುವವಳು, ಕಸುಬು ಕಲಿಸುವ ಮುದುಕ, ಇಂಥವರು. ಗುದ್ದಾಡಿ ಅಧಿಕಾರ ಹಿಡಿದವರ ಬೊಂಬೆಗೆ ಓಟು ಹಾಕಿ ಉಳಿಸಿಕೊಳ್ಳುವ ಮನಸ್ಸು ಜನರಿಗೆ ಬರೋದು ಕಡಿಮೆ.